ಚಿಗವ್ವ ಹೂಡಿದ ಬೇರೆ ಒಲೆ

ನನ್ನ ಅಂಗಿಯ ಕಿಸೆಗೆ ಇಂಗಿನ ವಾಸನೆ ಹತ್ತಿದೆ. ಒಳಗಿರುವುದು ಹಮ್ಮಿಗಿಯ ನಮ್ಮ ಚಿಗವ್ವನ, ಅಂದರೆ ಚಿಕ್ಕಮ್ಮನ, ಮನೆಯ ರೇಷನ್ ಕಾರ್ಡು. ಹುಳ ಹತ್ತಬಾರದೆಂದು ಅವಳು ಅದನ್ನು ಇಂಗಿನ ಡಬ್ಬಿಯಲ್ಲಿ ಇಡುತ್ತಿದ್ದಳು. ಲ್ಯಾಮಿನೇಟ್ ಮಾಡಿಸಿದ್ದಕ್ಕೆ ಯಾವ ಹುಳ ಹತ್ತೀತು ಎಂದು ನಾನು ನಗುತ್ತಿದ್ದೆ. ಬೆಳಿಗ್ಗೆ ಅವಳ ಸೊಸೆ ಬಂದು, ಕಾರ್ಡು ಕೊಟ್ಟು, ಒಂದು ಮಾತು ಕೇಳಿ ಹೋದಳು. ಅದಕ್ಕೆ ಏನು ಹೇಳಬೇಕೋ ಇನ್ನೂ ತಿಳಿದಿಲ್ಲ.

ನಾಳೆ ಲಕ್ಷ್ಮೇಶ್ವರದಲ್ಲಿ ನನ್ನ ಭಾಷಣವಿದೆ. ನಗಬೇಡಿ. ನಾನು ಬೆಟಗೇರಿಯ ಸೀರೆ ಅಂಗಡಿಯಲ್ಲಿ ಕೆಲಸಕ್ಕಿರುವವನು. ಅಂಗಡಿಯ ಸೀರೆಯನ್ನೆಲ್ಲ ಬಿಚ್ಚಿಸಿ ಒಂದನ್ನೂ ಒಯ್ಯದವರ ಜೊತೆಗೂ ಸಿಹಿಯಾಗಿ ಮಾತಾಡುವ ಬಾಯಿ ಭಾಷಣಕ್ಕೂ ಆದೀತೆಂದು ವಿಮೆ ಹೋರಾಟದ ಗೆಳೆಯರು ಮುಂದೆ ನೂಕಿದರು. ನಮ್ಮ ಬೇಡಿಕೆ ಇಷ್ಟೆ: ರಾಜ್ಯದ ಆರೋಗ್ಯ ವಿಮೆ ಈಗ ಒಂದು ರೇಷನ್ ಕಾರ್ಡಿಗೆ ವರ್ಷಕ್ಕೆ ಇಷ್ಟು ಎಂದಿದೆ, ಅದು ಒಬ್ಬೊಬ್ಬರಿಗೆ ಇಷ್ಟು ಎಂದಾಗಬೇಕು. ಶಿರಹಟ್ಟಿ, ಮುಂಡರಗಿಗಳಲ್ಲಿ ಇದನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಚಿಗವ್ವನ ಸುದ್ದಿ ಮಾತ್ರ ಎಲ್ಲಿಯೂ ಎತ್ತಿಲ್ಲ.

ಅವಳದು ಹನ್ನೊಂದು ಮಂದಿ ಕೂಡಿ ಉಣ್ಣುವ ಮನೆ, ಕಾರ್ಡು ಒಂದೇ. ಆ ಮನೆಯಿಂದ ಬೇರೆಯಾಗಿ ಬಂದ ನಾನು, ನನ್ನ ಹೆಂಡತಿ ಇಬ್ಬರೇ. ನಮಗೂ ಪೂರ್ತಿ ಒಂದು ಕಾರ್ಡು, ಅಷ್ಟೇ ವಿಮೆ. ಕೂಡಿ ಇದ್ದವರಿಗೆ ಕಡಿಮೆ, ಬಿಟ್ಟು ಬಂದವರಿಗೆ ಹೆಚ್ಚು. ಇದು ಯಾರ ಲೆಕ್ಕವೋ ನನ್ನ ತಲೆಗೆ ಹತ್ತುವುದಿಲ್ಲ.

ಹೋದ ವರ್ಷ ಅವಳ ಮೈದುನನ ಗಂಟಲ ಗಡ್ಡೆಗೆ ಕಾರ್ಡಿನ ವಿಮೆಯೆಲ್ಲ ಮುಗಿಯಿತು. ಅದೇ ಹೊತ್ತಿಗೆ ಗದಗಿನ ಡಾಕ್ಟರು, ಚಿಗವ್ವನ ಹೃದಯದ ಕವಾಟ ಕೆಟ್ಟಿದೆ, ಜಲ್ದಿ ಆಪರೇಶನ್ ಆಗಬೇಕು ಅಂದರು. “ಬರೂ ವರ್ಷ ಕಾರ್ಡ್ ತುಂಬತೈತಲ್ಲ, ಅವಾಗ ನೋಡೂಣು” ಎಂದಳು ಅವಳು, ಕೆರೆಯ ಮಾತಾಡಿದಂತೆ.

ನಾನು ಒಂದು ದಾರಿ ಹುಡುಕಿದೆ. ಅವಳ ಹೆಸರಿಗೆ ಬೇರೆ ಕಾರ್ಡು ಮಾಡಿಸಿದರೆ ಬೇರೆ ವಿಮೆ. ಅದಕ್ಕೆ ರೇಷನ್ ಕಚೇರಿಯಿಂದ ತಪಾಸಣೆಗೆ ಬರುವ ಸಾಹೇಬರಿಗೆ, ಬೇರೆ ಸಂಸಾರವೆನ್ನಲು, ಬೇರೆ ಒಲೆ ತೋರಿಸಬೇಕು.

“ಈ ವಯಸ್ಸಿನ್ಯಾಗ ಮನಿ ಒಡದಾಕಿ ಅನ್ನಿಸ್ಕೊಳ್ಳೇನೋ ತಮ್ಮಾ?”

“ಕಾಗದದಾಗ ಅಷ್ಟ, ಚಿಗವ್ವಾ.”

ಅವಳು ಒಪ್ಪಲಿಲ್ಲ. ಕೊನೆಗೆ ಮೈದುನನೇ ಎದ್ದು ಬಂದ. ಅವನಿಗೆ ದನಿ ಹೊರಡುತ್ತಿರಲಿಲ್ಲ. “ವೈನಿ, ನಿಮ್ಮ ಪಾಲೂ ನಾನ ತಿಂದೇನಿ. ಒಲಿ ಹೂಡ್ರಿ” ಎಂದು ಪಿಸುಗುಟ್ಟಿದ. ಚಿಗವ್ವ ಸೆರಗಿನಿಂದ ಮುಖ ಒರೆಸಿಕೊಂಡು ಹೂಂ ಅಂದಳು.

ದನದ ಕೊಟ್ಟಿಗೆಯ ಮೂಲೆಯಲ್ಲಿ ನಾನೇ ಮೂರು ಕಲ್ಲಿಟ್ಟೆ. ಸಾಹೇಬರು ಬಂದರು, ಒಲೆ ನೋಡಿದರು, ತಲೆಯಾಡಿಸಿದರು. ನನ್ನ ಜೀವಕ್ಕೆ ಸಮಾಧಾನವಾಯಿತು. ಆಮೇಲೆ ಅವರ ಕಣ್ಣು ಒಲೆಯ ಮೇಲಿದ್ದ ಬೋಗುಣಿಗೆ ಹೋಯಿತು. ಮನೆಯಲ್ಲೇ ದೊಡ್ಡ ಬೋಗುಣಿ, ಅದರ ತುಂಬ ಪುಂಡಿಪಲ್ಯ! ಪಕ್ಕದಲ್ಲಿ ರೊಟ್ಟಿಯ ರಾಶಿ. ಅಂಗಳದಲ್ಲಿ ಮನೆಮಂದಿಯೆಲ್ಲ ತಾಟು ಹಿಡಿದು ಸಾಲಾಗಿ ಕೂತಿದ್ದರು. ನಾನು ಕಣ್ಣು ಮಿಟುಕಿಸಿದ್ದೇ ಮಿಟುಕಿಸಿದ್ದು, ಚಿಗವ್ವ ಇತ್ತ ನೋಡಿದರೆ ತಾನೆ? “ಸಾಹೇಬರ, ನೀವೂ ಕುಂಡ್ರಿ. ಉಂಡು ಬರಕೊಳ್ರಿ” ಎಂದಳು.

ಅವರು ಕೂತರು, ಉಂಡರು. ಕೈ ತೊಳೆದು ನನ್ನನ್ನು ಬದಿಗೆ ಕರೆದರು. “ಒಲಿ ಬ್ಯಾರೆ ಐತ್ರಿ, ಖರೆ. ಇದನ್ನ ಬ್ಯಾರೆ ಮನಿ ಅಂತ ಹೆಂಗ ಬರೀಲ್ರಿ?”

ನನಗೆ ಚಿಗವ್ವನ ಮೇಲೆ ಕೆಟ್ಟ ಸಿಟ್ಟು ಬಂತು. “ನಿನಗ ಒಬ್ಬಾಕಿಗಷ್ಟ ಮಾಡ್ಕೋಬೇಕಿತ್ತಿಲ್ಲೋ?”

“ಒಬ್ಬಾಕಿಗೆ ಎಷ್ಟ ಹಿಟ್ಟು ತಗೋತಾರೋ ನನಗ ಗೊತ್ತಿಲ್ಲಪಾ” ಎಂದಳು.

ಕಾರ್ಡು ಮತ್ತೆ ತುಂಬುವ ಮೊದಲೇ ಅವಳು ಹೋದಳು. ಯಾರನ್ನು ಬೈಯಬೇಕೋ ನನಗೆ ಗೊತ್ತಾಗಲಿಲ್ಲ. ಸಾಹೇಬರು ಸುಳ್ಳು ಬರೆಯಲಿಲ್ಲ. ಚಿಗವ್ವನಿಗೂ ಸುಳ್ಳು ಬರಲಿಲ್ಲ.

ಸೊಸೆ ಬೆಳಿಗ್ಗೆ ಕೇಳಿದ್ದು ಇದು: “ಬಾವಾರ, ಕಾರ್ಡ್ ತುಂಬೇತ್ರಿ. ಅತ್ತಿ ಹೆಸರು ತಗಸೂನೇನ್ರಿ?”

ನಾಳೆ ಬರೆದಿಟ್ಟ ಭಾಷಣ ಒಯ್ಯುವುದಿಲ್ಲ. ಆ ಒಲೆಯ ಕಥೆಯನ್ನೇ ಹೇಳುತ್ತೇನೆ, ಚಪ್ಪಾಳೆ ಬಿದ್ದರೂ ಬೀಳದಿದ್ದರೂ. ಹೆಸರು ತೆಗೆಸುವ ಮಾತು ಆಮೇಲೆ. ಕಾರ್ಡಿನಲ್ಲಿ ಇನ್ನೂ ಹನ್ನೊಂದು ಹೆಸರಿವೆ. ವಿಮೆಯೂ ಪೂರ್ತಿ ಇದೆ.