ಬಿಳಿ ಗೋಡೆಯ ಸೇವೆ

ಕುರೆಕುಪ್ಪದ ನಮ್ಮ ಪುಟ್ಟ ಚರ್ಚಿಗೆ ಪ್ರತಿ ಚಳಿಗಾಲ ವಿದೇಶದಿಂದ ಒಂದು ತಂಡ ಹತ್ತು ದಿನದ ಸೇವೆಗೆಂದು ಬರುತ್ತಿತ್ತು. ಬಂದವರೇ ಗೋಡೆಗೆಲ್ಲ ಬಿಳಿ ಬಣ್ಣ ಬಳಿಯುತ್ತಿದ್ದರು. ಬಣ್ಣ ಹಚ್ಚುವುದು ನನ್ನ ಅಪ್ಪನ ಕಸುಬು. ಆ ಹತ್ತು ದಿನ ಮಾತ್ರ ಅವನಿಗೆ ಏಣಿ ಹಿಡಿಯುವ ಕೆಲಸ.

"ಬಿಳಿ ಬ್ಯಾಡ್ರಿ ಪಾಸ್ಟರ್ರೇ, ಅದಿರು ಲಾರಿ ಧೂಳಿಗೆ ವಾರಾನೂ ನಿಲ್ಲಂಗಿಲ್ಲ," ಎಂದು ಅಪ್ಪ ಹೇಳಿದರೆ, "ಸುಮ್ನಿರಪ್ಪ, ಅಷ್ಟು ದೂರದಿಂದ ಬಂದಾರ, ಬ್ಯಾಸರ ಮಾಡ್ಕೋತಾರ," ಎನ್ನುತ್ತಿದ್ದರು ಪಾಸ್ಟರು.

ತಂಡ ಹಂಪಿ ನೋಡಿಕೊಂಡು ವಿಮಾನ ಹತ್ತುವಷ್ಟರಲ್ಲಿ ಗೋಡೆ ಕೆಂಪಾಗಿರುತ್ತಿತ್ತು. ಒಂದು ವರ್ಷ ಅಪ್ಪ ರೋಸಿಹೋಗಿ, ಧೂಳು ಕಾಣದಂತೆ ಇಡೀ ಗೋಡೆಗೆ ಕೆಮ್ಮಣ್ಣು ಬಳಿದ. ನಮ್ಮ ಓಣಿಯ ಮನೆಗಳಿಗೆ ಅವನು ಮಾಡುತ್ತಿದ್ದುದೂ ಅದನ್ನೇ. ವರ್ಷವಿಡೀ ಗೋಡೆ ಲಕ್ಷಣವಾಗಿತ್ತು.

ಮುಂದಿನ ಚಳಿಗಾಲ ಬಂದ ತಂಡದ ಮುಖ್ಯಸ್ಥೆ ಅದನ್ನು ಕೊಳೆಯೆಂದುಕೊಂಡು ಕಣ್ಣೀರು ಹಾಕಿದಳು. ಇಷ್ಟು ಗಲೀಜಿನಲ್ಲಿ ಆರಾಧನೆ ಮಾಡುತ್ತೀರಾ ಎಂದು ಕೇಳಿದಳು. ಆಮೇಲೆ ಅಪ್ಪನ ಕೈಗೆ ಬ್ರಶ್ ಕೊಟ್ಟು, ಗೋಡೆಯನ್ನು ತಿಕ್ಕಿ ತೊಳೆಯುವುದು ಹೇಗೆಂದು ಕಲಿಸಿದಳು.

ಅವರು ಕಳಿಸಿದ ಫೋಟೋದಲ್ಲಿ ಅಪ್ಪ ತಾನು ಬಳಿದದ್ದನ್ನು ತಾನೇ ತಿಕ್ಕುತ್ತ ನಗುತ್ತಿದ್ದಾನೆ. ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುತ್ತೇನೆಂದು ನಾನು ಪ್ರತಿ ಭಾನುವಾರ ಪ್ರಾರ್ಥಿಸುತ್ತೇನೆ. ಅವಳ ಸರದಿ ಇನ್ನೂ ಬಂದಿಲ್ಲ.