ಜರ್ಸಿಯ ಬೆನ್ನಿನ ಹೆಸರು

ಗಲ್ಫಿನ ಸತ್ವಾ ಪೇಟೆಯ ಟೈಲರ್ ಅಲ್ಲಿದ್ದ ನಮ್ಮ ಊರಿನವರ ಕ್ರಿಕೆಟ್ ಟೀಮಿನಲ್ಲಿ ಒಂದು ದಿನವೂ ಆಡಿದವರಲ್ಲ. ಜರ್ಸಿಗಳು ಮಾತ್ರ ಅವರು ಹೊಲಿದವು. ಆಟಗಾರನೊಬ್ಬ ವೀಸಾ ಮುಗಿದು ಊರಿಗೆ ಹೊರಟರೆ ಅವನ ಜರ್ಸಿ ಅಂಗಡಿಗೆ ಬರುತ್ತಿತ್ತು. ಟೈಲರ್ ಬೆನ್ನಿನ ಮೇಲಿನ ಹೆಸರು ಬಿಚ್ಚಿ, ಸೂಜಿಯ ತೂತುಗಳನ್ನು ಉಗುರಿನಿಂದ ಉಜ್ಜಿ, ಅಲ್ಲೇ ಹೊಸಬನ ಹೆಸರು ಹೊಲಿಯುತ್ತಿದ್ದರು. "ಖಲಾಸ್, ಇನ್ನು ಇವನೇ" ಎನ್ನುತ್ತಿದ್ದರು. ಹೋದವನ ಸುದ್ದಿ ಕೇಳುತ್ತಿರಲಿಲ್ಲ.

ನಾವು ಆಡುತ್ತಿದ್ದ ಜಾಗದಲ್ಲಿ ಕಟ್ಟಡ ಎದ್ದ ಮೇಲೆ ಟೀಮು ನಿಂತುಹೋಯಿತು. ಬೆಳಗಿನ ವಾಕಿಂಗಿಗೆ ಹಾಕಿಕೊಳ್ಳೋಣವೆಂದು ನನ್ನ ಜರ್ಸಿಯನ್ನು ಹೆಸರು ತೆಗೆಸಲು ಒಯ್ದೆ. ಟೈಲರ್ ಕತ್ತರಿ ಎತ್ತಿಕೊಂಡರು. ಹೆಸರಿನ ಮೇಲೆ ಉಗುರು ಆಡಿಸಿದರು. ಕತ್ತರಿ ಕೆಳಗಿಟ್ಟು ಜರ್ಸಿ ಮಡಚಿ ನನ್ನ ಕೈಗೇ ಕೊಟ್ಟರು.

"ಬಿಚ್ಚಬಹುದು ಮಾರಾಯ್ರೆ. ಆದ್ರೆ ಇನ್ನು ಯಾರ ಹೆಸರು ಹಾಕುದು?"