ತಾರವ್ವನ ನಾಲ್ಕನೆಯ ಫೋಟೋ

ರಾಯಬಾಗ ಬಸ್‌ಸ್ಟ್ಯಾಂಡಿನ ಎದುರು ಸ್ಟುಡಿಯೋ ಇಟ್ಟಿರುವ ಮಾಳಸಿದ್ದನಿಗೆ ಈ ಜಗತ್ತಿನಲ್ಲಿ ಸರಿ ಕಂಡ ಮನುಷ್ಯ ಒಬ್ಬನೇ. ಅವನನ್ನು ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡುತ್ತಿದ್ದ. ಮಿಕ್ಕವರೆಲ್ಲ ತಿದ್ದಬೇಕಾದವರು. ತಿದ್ದುವುದೇ ಅವನ ಕಸುಬು ಕೂಡ. ಸತ್ತವರ ಮಾಸಿದ, ಹರಿದ, ಸಣ್ಣ ಫೋಟೋ ತಂದುಕೊಟ್ಟರೆ ಕಂಪ್ಯೂಟರಿನಲ್ಲಿ ತಿದ್ದಿ, ದೊಡ್ಡದು ಮಾಡಿ, ಗೋಡೆಗೆ ಹಾಕಿ ಹಾರ ಏರಿಸುವ ಹಾಗೆ ಕಟ್ಟು ಹಾಕಿಸಿ ಕೊಡುತ್ತಿದ್ದ. ಅಂಗಡಿ ಬಾಗಿಲಿಗೆ ‘ಚಪ್ಪಲಿ ಹೊರಗೆ ಬಿಡಿರಿ’ ಎಂದು ಬೋರ್ಡು ಬರೆಸಿದ್ದ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬನೂ ಬಿಟ್ಟಿರಲಿಲ್ಲ. ಕಬ್ಬಿನ ಹೊಲದ ಕೆಸರು, ಕುರಿಹಿಕ್ಕೆ, ಎಲ್ಲವೂ ಅವನ ಬಿಳಿ ಟೈಲ್ಸಿನ ಮೇಲೆಯೇ ಬರುತ್ತಿದ್ದವು. “ಇವಕ್ಕ ಏನ ತಿಳೀತೈತಿ!” ಎಂದು ದಿನಕ್ಕೆ ಹತ್ತು ಸಲ ಗೊಣಗುತ್ತಿದ್ದ. ತಾನೂ ಕುರಿ ಕಾಯುವವರ ಮನೆಯಲ್ಲೇ ಹುಟ್ಟಿದ್ದು ಅವನಿಗೆ ಮರೆತು ಬಹಳ ದಿನವಾಗಿತ್ತು.

ಅಂಥವನ ಕೆಲಸವನ್ನು ಮೂರು ಸಲ ವಾಪಸು ಮಾಡಿದವನು ಉಗಾರ ಬುದ್ರುಕದ ಕುರಿಗಾರ ಹಾಲೇಶ. ಅವನ ಅವ್ವ ತಾರವ್ವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಕ್ಯಾಮೆರಾ ಕಂಡರೆ ಸೆರಗು ಎಳೆದುಕೊಂಡು ಒಳಗೆ ಹೋಗುತ್ತಿದ್ದ ಹೆಂಗಸು. ಉಳಿದದ್ದು ಬ್ಯಾಂಕ್ ಪಾಸ್‌ಬುಕ್ಕಿಗೆ ಅಂಟಿಸಿದ ಹೆಬ್ಬೆರಳಿನಷ್ಟು ಫೋಟೋ ಒಂದೇ. ಅದರ ಮೇಲೂ ಬ್ಯಾಂಕಿನವರು ಶಿಕ್ಕಾ ಒತ್ತಿ, ಅದರ ಮಸಿ ಗದ್ದದವರೆಗೆ ಹರಡಿತ್ತು. ಮಾಳಸಿದ್ದ ಮಸಿಯನ್ನೆಲ್ಲ ಒರೆಸಿದ, ಮುಖ ಬೆಳ್ಳಗೆ ಮಾಡಿದ, ತನ್ನ ಕಡೆಯಿಂದ ಕೊರಳಿಗೊಂದು ಚಿನ್ನದ ಬೋರಮಾಳವನ್ನೂ ಹಾಕಿದ.

ಹಾಲೇಶ ಕೆಸರುಗಾಲಲ್ಲೇ ಬಂದು ನೋಡಿ ತಲೆ ಅಲ್ಲಾಡಿಸಿದ.

“ಮೂಗ ನಿಮ್ಮವ್ವಂದ ಹೌದಿಲ್ಲೋ?” ಮಾಳಸಿದ್ದ ಕೇಳಿದ.

“ಹೌದ್ರಿ.”

“ಕಣ್ಣ?”

“ಅವೂ ಅಕಿವ ಅದಾವ್ರಿ.”

“ಮತ್ತೇನ ಕಡಿಮಿ ಆಗೇತಿ?”

ಹಾಲೇಶ ಫೋಟೋವನ್ನು ಇನ್ನೊಮ್ಮೆ ನೋಡಿದ. “ಎಲ್ಲಾ ಐತ್ರಿ ಅಣ್ಣಾರ. ಖರೆ ನಮ್ಮವ್ವ ಇಲ್ರಿ.”

ಎರಡನೆಯ ಸಲವೂ ಅದೇ ಮಾತು, ಮೂರನೆಯ ಸಲವೂ ಅದೇ. ಸೋಮವಾರ ವರ್ಷದ ಕಾರ್ಯ. ಫೋಟೋ ಆಗದಿದ್ದರೆ ಹಾರ ಹಾಕಲು ಅವ್ವನೇ ಇರುವುದಿಲ್ಲ. ಮಾಳಸಿದ್ದನಿಗೆ ಆ ಚಿಂತೆಗಿಂತ ಸಿಟ್ಟು ಹೆಚ್ಚು. ಕುರಿಯ ಮುಖ ಬಿಟ್ಟು ಬೇರೆ ಮುಖ ನೋಡದವನು ತನ್ನ ಕೆಲಸಕ್ಕೆ ಹೆಸರಿಡುತ್ತಾನೆ!

ಕಾರ್ಯದ ಮುಂಚಿನ ಶನಿವಾರ ನಿಪ್ಪಾಣಿಯಲ್ಲಿ ಫೋಟೋ ಎಡಿಟಿಂಗ್ ಸಮ್ಮೇಳನ ಶುರುವಾಗುವುದಿತ್ತು. “ಏನ ಕಡದ ಕಟ್ಟಿ ಹಾಕ್ತಾರ ನೋಡೂಣು” ಎಂದು ನಾಲ್ಕು ಜನರಿಗೆ ಕೇಳುವಂತೆ ಹೇಳಿ ಬಸ್ಸು ಹತ್ತಿದ. ಅಂಗಿಯ ಕಿಸೆಯಲ್ಲಿ ಪೆನ್‌ಡ್ರೈವ್ ಇತ್ತು, ಅದರೊಳಗೆ ಪಾಸ್‌ಬುಕ್ಕಿನ ತಾರವ್ವ ಇದ್ದಳು. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಮಂಗಲ ಕಾರ್ಯಾಲಯದಲ್ಲಿ ಉದ್ಘಾಟನೆ ಒಂಬತ್ತಕ್ಕೆ ಎಂದು ಬರೆದಿತ್ತು. ಅತಿಥಿಗಳು ಬಂದದ್ದು ಹನ್ನೊಂದೂವರೆಗೆ. ಅಷ್ಟರಲ್ಲಿ ಜನ ಶಿರಾ, ಉಪ್ಪಿಟ್ಟು ಎರಡನ್ನೂ ಎರಡೆರಡು ಸಲ ತಿಂದು ಮುಗಿಸಿದ್ದರು. ದೀಪ ಆರುತ್ತದೆಂದು ಫ್ಯಾನು ನಿಲ್ಲಿಸಿದರು. ನೂರು ಜನ ಫೋಟೋದವರು ಸೇರಿದ ಕಡೆ ದೀಪ ಒಮ್ಮೆ ಹಚ್ಚಿದರೆ ಸಾಕೇ? “ನನಗ ಫೋಟೋ ಸಿಗಲಿಲ್ಲ, ಇನ್ನೊಮ್ಮೆ ಹಚ್ಚರಿ” ಎಂದು ಒಬ್ಬೊಬ್ಬರೇ ಕೂಗಿ ನಾಲ್ಕು ಸಲ ಹಚ್ಚಿಸಿದರು. ಆಮೇಲೆ ಅತಿಥಿಗಳ ತಲೆಗೆಲ್ಲ ಫೇಟಾ ಸುತ್ತಿದರು. ಮದುವೆ ಗಂಡುಗಳನ್ನು ಗುತ್ತಿಗೆಗೆ ತಂದಂತಿದೆ ಎಂದು ಮಾಳಸಿದ್ದ ಮುಖ ಕಿವುಚಿಕೊಂಡ.

ಪುಣೆಯಿಂದ ಬಂದ ಪರಿಣತ ಸುಹಾಸ ಎಂಬವನ ಫೇಟಾ ಕಿವಿಯ ಮೇಲೆ ಜಾರಿತ್ತು. “ಯಾರ ಕಡೆ ಖರಾಬ ಫೋಟೋ ಇದೆ ಮಂಡಳಿ? ಎರಡು ಮಿನಿಟಿನಲ್ಲಿ ಎಕದಮ್ ನವೀನ್ ಮಾಡಿ ಕೊಡ್ತೇನೆ!”

ಮಾಳಸಿದ್ದ ಎದ್ದು ನಿಂತಿದ್ದ. ಯಾವಾಗ ಎದ್ದ ಎಂಬುದು ಅವನಿಗೇ ತಿಳಿಯಲಿಲ್ಲ. ಪೆನ್‌ಡ್ರೈವ್ ಕೊಡುವಾಗ ನಾಚಿಕೆಯಿಂದ ಕಿವಿ ಬಿಸಿಯಾದವು.

ಗೋಡೆಯಷ್ಟು ಅಗಲದ ಪರದೆಯ ಮೇಲೆ ತಾರವ್ವ ಮೂಡಿದಳು. “ಬಾಪರೇ, ಕಿತೀ ಡಾಗ!” ಎಂದು ಸುಹಾಸ ಕಲೆ ನೋಡಿ ನಕ್ಕು, ಒರೆಸುವುದಕ್ಕೆ ಗದ್ದವನ್ನು ಹತ್ತಿರ ಎಳೆದ. ಅಂಗಡಿಯ ಕಂಪ್ಯೂಟರಿನಲ್ಲಿ ಬೊಗಸೆಯಷ್ಟಿದ್ದ ಮುಖದ ಗದ್ದ ಇಲ್ಲಿ ಬಾಗಿಲಿನಷ್ಟು ಅಗಲ. ಶಿಕ್ಕಾದ ನೀಲಿ ಮಸಿಯ ಅಡಿಯಲ್ಲಿ ಹಸಿರು ಚುಕ್ಕಿ ಮೂರು. ಸರಿಯಾಗಿ ಒಂದೇ ಅಂತರ. ಚೆಲ್ಲಿದ ಮಸಿ ಹೀಗೆ ಅಳತೆ ಹಿಡಿದು ಬೀಳುವುದಿಲ್ಲ. ಅದು ಹಚ್ಚೆ. ಮಾಳಸಿದ್ದನ ಅವ್ವನ ಗದ್ದದ ಮೇಲೂ ಇವೇ ಮೂರು ಇದ್ದವು. ಅವಳ ತೊಡೆಯ ಮೇಲೆ ಕೂತು, ಅವುಗಳ ಮೇಲೆ ಬೆರಳಿಟ್ಟೇ ಅವನು ಮೂರರವರೆಗೆ ಎಣಿಸಲು ಕಲಿತಿದ್ದ.

“ಏ, ನಿಲ್ಲರಿ! ಡಾಗ ಅಲ್ಲದು, ಹಚ್ಚಿ ಐತಿ!”

“ಬಸಾ ಕಾಕಾ, ಬಸಾ” ಎಂದು ಸುಹಾಸ ಕೂರುವಂತೆ ಕೈ ಮಾಡಿ, ಮೂರನ್ನೂ ಒಂದೇ ಏಟಿಗೆ ಒರೆಸಿಬಿಟ್ಟ. ತಾರವ್ವ ಸಾಬೂನಿನ ಜಾಹೀರಾತಿನ ಹೆಂಗಸಿನಂತೆ ಬೆಳ್ಳಗೆ ಹೊಳೆದಳು. ಸಭೆ ಚಪ್ಪಾಳೆ ತಟ್ಟಿತು.

ಆ ಜಾರಿದ ಫೇಟಾದವನನ್ನು ಬೈಯಲು ಮಾಳಸಿದ್ದ ಬಾಯಿ ತೆರೆದ. ಕತ್ತೆ, ಕಣ್ಣಿಲ್ಲದವ, ಕಂಡವರ ಅವ್ವನ ಗುರುತು ಅಳಿಸುವವ. ನಾಲಿಗೆಗೆ ಬಂದ ಒಂದೊಂದು ಬೈಗುಳವೂ ತನಗೇ ಸರಿಯಾಗಿ ಹೊಂದುತ್ತಿತ್ತು. ಇವನು ಒಂದು ಸಲ ಒರೆಸಿದ್ದ, ತಾನು ಮೂರು ಸಲ. ಮೇಲೆ ಬೋರಮಾಳ ಬೇರೆ. ತನ್ನ ಮೇಲೆಯೇ ಅವನಿಗೆ ಹೇಸಿಗೆ ಬಂತು. ಊಟದ ಕೂಪನ್ನು ಕುರ್ಚಿಯ ಮೇಲೆಯೇ ಬಿಟ್ಟು, ಪೆನ್‌ಡ್ರೈವ್ ಇಸಿದುಕೊಂಡು ಸಿಕ್ಕ ಬಸ್ಸು ಹಿಡಿದ.

ಅಂಗಡಿಗೆ ಬಂದವನು ಮೊದಲಿನಿಂದ ಶುರುಮಾಡಿದ. ಶಿಕ್ಕಾದ ಮಸಿಯನ್ನಷ್ಟೇ ತೆಗೆದ. ಬಿಸಿಲಿಗೆ ಕಪ್ಪಾದ ಬಣ್ಣ, ಹಣೆಯ ಗೆರೆ, ಬರಿಗೊರಳು, ಮೂರು ಚುಕ್ಕಿ, ಯಾವುದನ್ನೂ ಮುಟ್ಟಲಿಲ್ಲ.

ರವಿವಾರ ಬೆಳಿಗ್ಗೆ ಹಾಲೇಶ ಬಂದ. ಎಂದಿನಂತೆ ಟೈರಿನ ಚಪ್ಪಲಿ, ಟೈಲ್ಸಿನ ಮೇಲೆ ಕೆಸರಿನ ಹೆಜ್ಜೆ. ಇಲ್ಲ ಎನ್ನುವುದಕ್ಕೆ ತಯಾರಾಗಿ ಬಂದವನ ಮುಖ. ಮಾಳಸಿದ್ದ ಈ ಸಲ ಮೂಗಿನ ಬಗ್ಗೆ, ಕಣ್ಣಿನ ಬಗ್ಗೆ ಏನೂ ಕೇಳದೆ ಕಟ್ಟು ಹಾಕಿದ ಫೋಟೋವನ್ನು ಅವನ ಕಡೆ ತಿರುಗಿಸಿದ.

ಹಾಲೇಶ ನೋಡಿದ. ಹಿಂದೆ ಹಿಂದೆ ಸರಿದು ಬಾಗಿಲು ದಾಟಿ ಹೊರಗೆ ಹೋದ. ನಾಲ್ಕನೆಯದೂ ಹೋಯಿತು ಎಂದುಕೊಂಡ ಮಾಳಸಿದ್ದ.

ಹಾಲೇಶ ಬೋರ್ಡಿನ ಕೆಳಗೆ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಒಳಗೆ ಬಂದು, ಫೋಟೋದ ಕಡೆ ಎರಡೂ ಕೈ ಚಾಚಿದ.